ಬೊಗ್ಗು ಯಾರವನು?

ಕಳೆದ ವರ್ಷ ಬೆಂಗಳೂರಿನ ಒಂದು ಕಂಪನಿಗೆ ಸಂದರ್ಶನಕ್ಕೆ ಹೋಗಿದ್ದೆ. ಬರವಣಿಗೆ, ವಿನ್ಯಾಸ ಎರಡೂ ಸೇರಿದ ಕೆಲಸ. ರೆಸ್ಯೂಮೆಯಲ್ಲಿ ‘ಪ್ರಾಜೆಕ್ಟ್‌ಗಳು’ ಎಂಬ ಜಾಗ ತುಂಬಿಸಲು ನನ್ನ ಬಳಿ ಹೆಚ್ಚೇನೂ ಇರಲಿಲ್ಲ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಎಲ್ಲರ ರೆಸ್ಯೂಮೆಯಲ್ಲೂ ಇರುವಂಥದ್ದೇ. ಹಾಗಾಗಿ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೆ: ‘ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳ 140 ಪಾತ್ರಗಳ ಆನ್‌ಲೈನ್ ಸಂಗ್ರಹವನ್ನು ರೂಪಿಸಿದ್ದೇನೆ.’ ಪಕ್ಕದಲ್ಲಿ ಲಿಂಕ್ ಕೂಡ ಕೊಟ್ಟಿದ್ದೆ. ಅದನ್ನು ಯಾರಾದರೂ ತೆರೆದು ನೋಡುತ್ತಾರೆ ಎಂದು ಅಂದುಕೊಂಡಿರಲಿಲ್ಲ.

ಎದುರು ಕೂತಿದ್ದ ಮೇಡಂ ತೆರೆದರು. ಅಲ್ಲೊಂದು ಇಲ್ಲೊಂದು ಪುಟ ನೋಡುತ್ತಾ ಬಂದವರು ಬೊಗ್ಗುವಿನ ಪುಟದಲ್ಲಿ ನಿಂತರು. ಪೂರ್ತಿ ಓದಿದರು. ನಕ್ಕರು. “ಇದು ಚೆನ್ನಾಗಿದೆ. ನೀವೇ ಬರೆದದ್ದಾ?”

“ನಾವು ಬರೆದದ್ದು ಮೇಡಂ.”

“ನಾವು ಅಂದರೆ ಯಾರು? ಇದರಲ್ಲಿ ನಿಮ್ಮ ಕೆಲಸ ಯಾವುದು?”

ಉತ್ತರ ಗೊತ್ತಿತ್ತು, ಹೇಳಲು ನಾಲಿಗೆ ಹೊರಳಲಿಲ್ಲ. ಬೊಗ್ಗುವಿನ ಪುಟದಲ್ಲಿ ನಾನು ಬರೆದ ಒಂದು ವಾಕ್ಯವೂ ಇರಲಿಲ್ಲ. ಬರೆದವನ ಹೆಸರು ಆ ಪುಟದಲ್ಲಿ ಮಾತ್ರವಲ್ಲ, ಇಡೀ ಸಂಗ್ರಹದಲ್ಲಿ ಎಲ್ಲಿಯೂ ಇರಲಿಲ್ಲ. ಆ ಕೆಲಸ ನನಗೆ ಸಿಗಲಿಲ್ಲ. ಅದಕ್ಕೆ ಬೊಗ್ಗು ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ವಾಪಸು ಬರುವಾಗ ರಾತ್ರಿ ಬಸ್ಸಿನಲ್ಲಿ ಚಾರ್ಮಾಡಿ ಇಳಿಯುವ ತನಕ ನಿದ್ದೆ ಬರಲಿಲ್ಲ.

ಈ ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಆಟ ನಡೆಸುವವರು. ಅವರು ಸನ್ನಿವೇಶ ಹೇಳುತ್ತಾರೆ: ಕಾಡು, ಮಳೆ, ಹೊಳೆಯ ಆಚೆ ಯಾರೋ ಕೂಗುತ್ತಿದ್ದಾರೆ. ಉಳಿದವರಿಗೆ ತಲಾ ಒಂದು ಪಾತ್ರ. “ಈಗ ಎಂತ ಮಾಡ್ತಿ?” ಎಂದು ಕೇಳಿದಾಗ ಪಾತ್ರವಾಗಿಯೇ ಉತ್ತರ ಕೊಡಬೇಕು. ಫಲ ಏನಾಯಿತು ಎಂದು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ನಮ್ಮ ಅಪ್ಪನಿಗೆ ಇದನ್ನು ವಿವರಿಸುವಷ್ಟರಲ್ಲಿ ನನಗೆ ಸಾಕುಬೇಕಾಗಿತ್ತು. ಕೊನೆಗೆ “ತಾಳಮದ್ದಳೆಯ ಹಾಗೆ ಅಪ್ಪ, ಆದರೆ ಪ್ರಸಂಗ ಮೊದಲೇ ಯಾರಿಗೂ ಗೊತ್ತಿಲ್ಲ” ಎಂದೆ. “ಹಾಗಾದರೆ ಅರ್ಥ ಹೇಳುವವರು ಗಟ್ಟಿ ಇರಬೇಕು” ಎಂದರು. ಅಷ್ಟರಲ್ಲಿ ಅವರಿಗೆ ಆಟ ಅರ್ಥವಾಗಿತ್ತು.

ಇವುಗಳಲ್ಲಿ ಎಲ್ಲಕ್ಕಿಂತ ಹಳೆಯದು, ಹೆಚ್ಚು ಜನ ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಆಟ. 1974ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಮೊದಲ ಸಾವಿರ ಪ್ರತಿಗಳು ಹೊರಬಂದವು. ಪಾತ್ರ ಕಟ್ಟುವ ಮೂಲ ಕ್ರಮ ಇಂದಿಗೂ ಹೆಚ್ಚು ಬದಲಾಗಿಲ್ಲ. ಶಕ್ತಿ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂಬ ಆರು ಗುಣಗಳಿಗೆ ಒಂದೊಂದು ಅಂಕ. ನಾವು ನಾಲ್ಕು ದಾಳ ಎಸೆದು, ಅತಿ ಕಡಿಮೆ ಬಿದ್ದದ್ದನ್ನು ಬಿಟ್ಟು, ಉಳಿದ ಮೂರನ್ನು ಕೂಡುತ್ತಿದ್ದೆವು. ಹಾಗೆ ಮಾಡಿದರೆ ಸರಾಸರಿ 12ಕ್ಕಿಂತ ತುಸು ಹೆಚ್ಚು ಬರುತ್ತದೆ. ಆದರೆ ದಾಳಕ್ಕೆ ಸರಾಸರಿಯ ಹಂಗಿಲ್ಲ. ಬೊಗ್ಗುವಿಗೆ ಬುದ್ಧಿ ಬಿದ್ದದ್ದು 6.

ಈ ಆರು ಅಂಕಗಳಲ್ಲಿ ಪಾತ್ರ ಇಲ್ಲ, ಇದನ್ನು ಆಡಿದವರು ಎಲ್ಲರೂ ಬಲ್ಲರು. ಬುದ್ಧಿ 6 ಬಿದ್ದ ಕೂಡಲೇ ಬೇರೆ ಯಾರಾದರೂ ಹಾಳೆ ಹರಿದು ಹಾಕುತ್ತಿದ್ದರು. ನಮ್ಮ ಗೆಳೆಯ ಹರಿಯಲಿಲ್ಲ. ಆರೂವರೆ ಅಡಿಯ ಹಾಫ್-ಆರ್ಕ್ ಹೋರಾಟಗಾರ, ಸಿಟ್ಟು ಬಂದರೆ ಗೋಡೆ ಮುರಿಯುತ್ತಾನೆ, ಆದರೆ ನೀರು ಕಂಡರೆ ನಡುಗುತ್ತಾನೆ, ಎಣಿಸಲು ಬರುವುದು ಏಳರವರೆಗೆ ಮಾತ್ರ, ಆದ್ದರಿಂದ ಎಂಟನೇ ಶತ್ರುವನ್ನು ಅವನು ‘ಇನ್ನೊಬ್ಬ ಒಂದು’ ಎಂದೇ ಕರೆಯುತ್ತಾನೆ. ಹೆಸರು ಬೊಗ್ಗು. ಗೆಳೆಯನ ಅಜ್ಜಿಯ ಮನೆಯ ಹತ್ತಿರ ತೆಂಗಿನಕಾಯಿ ಕೀಳಲು ಬರುತ್ತಿದ್ದ ಒಬ್ಬರ ಹೆಸರಂತೆ. ನಾಲ್ಕು ವರ್ಷ ನಾವು ಬೊಗ್ಗುವಿನ ಜೊತೆ ಓಡಾಡಿದೆವು. ಹೊಳೆ ಬಂದಾಗಲೆಲ್ಲ ಅವನನ್ನು ದಾಟಿಸುವುದು ನನ್ನ ಪಾತ್ರದ ಕೆಲಸ. ನನ್ನದು ಸಾಂತು, ದೋಣಿ ನಡೆಸುವ ಬೇಟೆಗಾರ.

ಸಂಗ್ರಹ ಮಾಡುವ ಯೋಚನೆ ಬಂದದ್ದು ಹಾಸ್ಟೆಲ್ ಖಾಲಿ ಮಾಡುವಾಗ. ಸೀನಿಯರ್‌ಗಳ ರೂಮಿನ ಹೊರಗೆ ರದ್ದಿ ಕಾಗದದ ರಾಶಿ ಬಿದ್ದಿತ್ತು. ಲ್ಯಾಬ್ ರೆಕಾರ್ಡುಗಳು, ಝೆರಾಕ್ಸ್ ನೋಟ್ಸು, ಅವುಗಳ ನಡುವೆ ಪೆನ್ಸಿಲಿನಲ್ಲಿ ಬರೆದ ಪಾತ್ರದ ಹಾಳೆಗಳು. ಅಂಕಗಳನ್ನು ಅಳಿಸಿ ಅಳಿಸಿ ಕಾಗದ ತೆಳ್ಳಗಾಗಿತ್ತು. ಒಂದು ಹಾಳೆಯ ಮೂಲೆಯಲ್ಲಿ ‘ಸತ್ತ, ಮಾರ್ಚ್ 11, ಕಾಪಾಡಿದ್ದು ಮೂವರನ್ನು’ ಎಂದು ಬರೆದಿತ್ತು. ಅದನ್ನು ರದ್ದಿಗೆ ಹಾಕಲು ನಮಗೆ ಮನಸ್ಸು ಬರಲಿಲ್ಲ. ಐದು ಜನ ಸೇರಿ ಎಲ್ಲವನ್ನೂ ಮೊಬೈಲಿನಲ್ಲಿ ಫೋಟೊ ಹೊಡೆದು ಒಂದು ಗೂಗಲ್ ಡ್ರೈವ್ ಫೋಲ್ಡರಿಗೆ ಹಾಕಿದೆವು. ಮೊದಲ ದಿನ ಮೂವತ್ತೊಂದು ಪಾತ್ರ.

ಕೆಲಸ ಬೆಳೆದದ್ದು ಆಮೇಲೆ. ಫೋಟೊ ರಾಶಿಯಲ್ಲಿ ಏನನ್ನೂ ಹುಡುಕಲಾಗುವುದಿಲ್ಲ. ಒಂದು ಶೀಟ್ ಮಾಡಿ ಪಾತ್ರದ ಹೆಸರು, ಕುಲ, ವೃತ್ತಿ, ಹಂತ, ಆರು ಅಂಕಗಳು, ಅರ್ಧ ಪುಟದ ಹಿನ್ನೆಲೆ ಎಂದು ಕಾಲಂಗಳನ್ನು ಹಾಕಿದೆವು. ಕೂಡಲೇ ಒಂದು ತಕರಾರು ಎದ್ದಿತು. ಮೊದಲ ಹಂತದ ಬೊಗ್ಗು, ಏಳನೇ ಹಂತದ ಬೊಗ್ಗು, ಇಬ್ಬರೂ ಒಬ್ಬನೇ? ಒಂದೇ ಸಾಲು ಕೊಟ್ಟರೆ ಹಳೆಯವನು ಅಳಿಸಿಹೋಗುತ್ತಾನೆ. ಎರಡು ಸಾಲು ಕೊಟ್ಟರೆ ಲೆಕ್ಕ ಸುಳ್ಳಾಗುತ್ತದೆ. ರಾತ್ರಿ ಎರಡು ಗಂಟೆಯವರೆಗೆ ಇದರ ಮೇಲೆ ಜಗಳ ಆಡಿದ್ದೇವೆ. ಕೊನೆಗೆ ಪಾತ್ರಕ್ಕೆ ಒಂದು ಪುಟ, ಪುಟದೊಳಗೆ ಹಂತಕ್ಕೆ ಒಂದು ಹಾಳೆ ಎಂದು ಗೆದ್ದದ್ದು ನನ್ನ ವಾದ. (ಸಂದರ್ಶನದಲ್ಲಿ ನಾನು ಹೇಳಬೇಕಿದ್ದದ್ದು ಇದನ್ನೇ! ಹೊಳೆದದ್ದು ಬಸ್ಸಿನಲ್ಲಿ.)

ಇಷ್ಟೆಲ್ಲ ಯೋಚಿಸಿದ ನಾವು ‘ಬರೆದವರು ಯಾರು’ ಎಂಬ ಕಾಲಂ ಹಾಕಲಿಲ್ಲ. ಮರೆತದ್ದಲ್ಲ. ಬೇಡ ಎಂದೇ ಬಿಟ್ಟದ್ದು. “ನಮ್ಮೊಳಗೆ ಎಂತ ಹೆಸರು ಮಾರಾಯ್ತಿ, ಎಲ್ಲರಿಗೂ ಗೊತ್ತುಂಟಲ್ಲ” ಎಂದು ಬೊಗ್ಗುವಿನವನೇ ಹೇಳಿದ್ದ. ನನಗೂ ಆಗ ಅದು ದೊಡ್ಡ ಮಾತಾಗಿ ಕೇಳಿಸಿತ್ತು. ಹೆಸರು ಹಾಕದಿರುವುದೇ ಹಂಚಿಕೊಳ್ಳುವುದು ಎಂದು ನಾವು ನಂಬಿದ್ದೆವು. ಈ ಬರಹ ಬರೆಯುತ್ತಿರುವುದೇ ಆ ನಂಬಿಕೆ ತಪ್ಪು ಎಂದು ಹೇಳಲು.

ಐದೇ ಜನ ಇರುವವರೆಗೆ ಅದು ಸರಿಯಿತ್ತು. ಆರನೆಯವರು ಬಂದ ದಿನ ‘ಎಲ್ಲರಿಗೂ ಗೊತ್ತುಂಟು’ ಎಂಬುದು ಸುಳ್ಳಾಯಿತು. ಮುಂದಿನ ಬ್ಯಾಚಿನವರು ಸೇರಿದರು, ಬೇರೆ ಕಾಲೇಜಿನವರು ಸೇರಿದರು, ಅವರ ಅಣ್ಣ ತಂಗಿಯರು ಸೇರಿದರು. ನೂರು ದಾಟುವ ಹೊತ್ತಿಗೆ ಯಾರು ಯಾರನ್ನು ಬರೆದರು ಎಂಬುದು ನಮಗೂ ಪೂರ್ತಿ ನೆನಪಿರಲಿಲ್ಲ.

ಪಾತ್ರದಿಂದ ಆಡಿದವರ ಹೆಸರು ಕಳಚಿಹೋಗುವುದು ಈ ಆಟದ ಇತಿಹಾಸದಲ್ಲೇ ಇದೆ. ಗೈಗ್ಯಾಕ್ಸ್ ಮನೆಯ ಮೇಜಿನಲ್ಲಿ ಅವರ ಮಗ ಲ್ಯೂಕ್ ಆಡುತ್ತಿದ್ದ ಎಲ್ಫ್ ಪಾತ್ರಕ್ಕೆ ಹೆಸರಿರಲಿಲ್ಲ. ಹಾಳೆಯಲ್ಲಿ ಗಂಡು ಎಂಬುದಕ್ಕೆ ‘ಎಂ’, ಮುಂದೆ ‘ಎಲ್ಫ್’ ಎಂದಿತ್ತು. ಕೂಡಿಸಿ ಓದಿದರೆ ಮೆಲ್ಫ್. ಅದೇ ಹೆಸರಾಯಿತು. ಇನ್ನೊಬ್ಬ ಮಗ ಅರ್ನೆಸ್ಟ್ ತನ್ನ ಹೆಸರಿನ ಅಕ್ಷರಗಳನ್ನು ಕಲಸಿ ಮಾಡಿಕೊಂಡ ಹೆಸರು ಟೆನ್ಸರ್. ಗೈಗ್ಯಾಕ್ಸ್ ಅವರದ್ದೇ ಪಾತ್ರ ಮಾರ್ಡೆನ್‌ಕೈನನ್ ಎಂಬ ಮಾಂತ್ರಿಕ. ಮುಂದೆ ಈ ಹೆಸರುಗಳು ನಿಯಮ ಪುಸ್ತಕದ ಮಂತ್ರಗಳಿಗೆ ಅಂಟಿಕೊಂಡವು. ಮೆಲ್ಫ್‌ನ ಆಮ್ಲಬಾಣ, ಟೆನ್ಸರನ ತೇಲುವ ತಟ್ಟೆ, ಮಾರ್ಡೆನ್‌ಕೈನನ್‌ನ ಭವ್ಯ ಬಂಗಲೆ. ಒಂದು ಮನೆಯ ಮಕ್ಕಳ ಆಟ ಲೋಕದ ಎಲ್ಲ ಮೇಜುಗಳಿಗೂ ಹೋಯಿತು.

2000ದಲ್ಲಿ ಕಂಪನಿ ಒಂದು ಒಳ್ಳೆಯ ಕೆಲಸ ಮಾಡಿತು. ಆಗ ಆಟದ ಒಡೆತನ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯ ಕೈಯಲ್ಲಿತ್ತು. ಆಟದ ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸಿ ಹೊಸದನ್ನು ಬರೆಯಬಹುದು ಎಂದು ಓಪನ್ ಗೇಮ್ ಲೈಸೆನ್ಸ್ ಎಂಬ ಪರವಾನಗಿಯಡಿ ಹೊರಗೆ ಬಿಟ್ಟಿತು. ಆ ಮುಕ್ತ ದಾಖಲೆಯಲ್ಲಿ ಮಂತ್ರಗಳಿವೆ. ಮೆಲ್ಫ್ ಇಲ್ಲ. ಬರೀ ‘ಆಮ್ಲಬಾಣ’, ಬರೀ ‘ತೇಲುವ ತಟ್ಟೆ’. ಕಂಪನಿಯ ಲೆಕ್ಕ ಸರಳ: ನಿಯಮ ಎಲ್ಲರಿಗೆ, ಹೆಸರು ನಮಗೆ. ವ್ಯಾಪಾರದ ದೃಷ್ಟಿಯಿಂದ ಅದು ಸರಿಯೇ ಇರಬಹುದು. ನನಗೆ ಮಾತ್ರ ಅದನ್ನು ಓದಿದಾಗಲೆಲ್ಲ ಫೋಟೊದಿಂದ ಒಬ್ಬರನ್ನು ಕತ್ತರಿಸಿ ತೆಗೆದ ಹಾಗೆ ಕಾಣುತ್ತದೆ. ನಾವು ಐದು ಜನ ದುಡ್ಡಿನ ಆಸೆಯೇ ಇಲ್ಲದೆ, ಬರೀ ಗೆಳೆತನದ ಹೆಸರಿನಲ್ಲಿ ಅದನ್ನೇ ಮಾಡಿದ್ದೆವು.

ಜಪಾನಿನ ಉದಾಹರಣೆ ಇನ್ನೂ ಚೆನ್ನಾಗಿದೆ. ‘ರೆಕಾರ್ಡ್ ಆಫ್ ಲೋಡಾಸ್ ವಾರ್’ ಕಾದಂಬರಿ, ಅನಿಮೆ ಎಂದು ಪ್ರಸಿದ್ಧವಾದದ್ದು ಮೊದಲು ಮೇಜಿನ ಮೇಲಿನ ಆಟ. ಆಡಿದ್ದನ್ನು ಹಾಗೆಯೇ ಬರೆದು 1986ರಲ್ಲಿ ‘ಕಾಂಪ್ಟಿಕ್’ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರ ಡೀಡ್‌ಲಿಟ್ ಎಂಬ ಎಲ್ಫ್ ಹುಡುಗಿಯನ್ನು ಅನಿಮೆ ನೋಡುವವರು ಬಲ್ಲರು. ಮೇಜಿನಲ್ಲಿ ಅವಳನ್ನು ಆಡಿದವರು ಹಿರೋಶಿ ಯಮಾಮೊಟೊ ಎಂಬ ಬರಹಗಾರ. ಕಾದಂಬರಿ ಬರೆದವರು ಆಟ ನಡೆಸುತ್ತಿದ್ದ ರ್ಯೋ ಮಿಜುನೊ. ಹಾಗಾದರೆ ಡೀಡ್‌ಲಿಟ್ ಯಾರವಳು? ಮೊದಲು ಅವಳ ಬಾಯಿಂದ ಮಾತಾಡಿದವರವಳೇ, ಅವಳನ್ನು ಕಾಗದಕ್ಕೆ ಇಳಿಸಿದವರವಳೇ? ನನ್ನ ಬಳಿ ಇದಕ್ಕೆ ಒಂದೇ ಸಾಲಿನ ಉತ್ತರ ಇಲ್ಲ. ಆದರೆ ಪ್ರಶ್ನೆ ಕೇಳಲಾದರೂ ಇಬ್ಬರ ಹೆಸರು ನಮಗೆ ಗೊತ್ತಿದೆ ಎಂಬುದನ್ನು ಗಮನಿಸಿ. ಬೊಗ್ಗುವಿನ ವಿಷಯದಲ್ಲಿ ಮೇಡಂ ಕೇಳಿದಾಗ ಅದೂ ಇರಲಿಲ್ಲ.

ಸಂದರ್ಶನದ ಮರುವಾರ ಬೊಗ್ಗುವಿನವನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಕ್ಕ. “ನಾನೂ ರೆಸ್ಯೂಮೆಯಲ್ಲಿ ಹಾಗೇ ಬರ್ದಿದ್ದೇನೆ ಮಾರಾಯ್ತಿ. ‘ರೂಪಿಸಿದ್ದೇನೆ’ ಅಂತ.” ವಿಚಾರಿಸಿದರೆ ಐವರಲ್ಲಿ ನಾಲ್ವರು ಹಾಗೆಯೇ ಬರೆದುಕೊಂಡಿದ್ದೆವು. ಒಂದೇ ಸಂಗ್ರಹ, ನಾಲ್ಕು ಜನ ಒಬ್ಬೊಬ್ಬರೇ ರೂಪಿಸಿದವರು. ಒಂದೇ ಕಂಪನಿಗೆ ಇಬ್ಬರು ಅರ್ಜಿ ಹಾಕಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ಮೈ ಬೆವರಿತು.

ಕೆಲಸ ಹುಡುಕುತ್ತಿರುವ ನನ್ನಂಥವರಿಗೆ ಇದನ್ನು ಬಿಡಿಸಿ ಹೇಳಬೇಕು. ಗುಂಪಿನಲ್ಲಿ ಮಾಡಿದ ಕೆಲಸವನ್ನು ‘ನಾನು ಮಾಡಿದೆ’ ಎಂದು ಬರೆಯುವುದು ನಮ್ಮಲ್ಲಿ ಯಾರಿಗೂ ಸುಳ್ಳು ಎಂದೇ ಅನ್ನಿಸುವುದಿಲ್ಲ. ಕಾಲೇಜಿನ ಪ್ರಾಜೆಕ್ಟುಗಳಲ್ಲಿ ನಾಲ್ವರ ಹೆಸರು ಹಾಕಿ ಒಬ್ಬ ಮಾಡುವುದನ್ನು ನೋಡಿ ನೋಡಿ ನಮಗೆ ಅಭ್ಯಾಸವಾಗಿದೆ. ಆದರೆ ಸಂದರ್ಶನದಲ್ಲಿ ಕೇಳುವುದು ನೀವು ಎಷ್ಟು ದೊಡ್ಡದನ್ನು ಮಾಡಿದಿರಿ ಎಂದಲ್ಲ, ಯಾವುದನ್ನು ಮಾಡಿದಿರಿ ಎಂದು. ‘140 ಪಾತ್ರಗಳ ಸಂಗ್ರಹ ರೂಪಿಸಿದ್ದೇನೆ’ ಎಂಬುದಕ್ಕಿಂತ ‘ಐವರ ಸಂಗ್ರಹದಲ್ಲಿ ಪುಟಗಳ ರಚನೆ ನನ್ನದು, 22 ಪಾತ್ರ ನಾನು ಬರೆದದ್ದು’ ಎಂಬ ಸಾಲು ಚಿಕ್ಕದು. ಆದರೆ ಅದರ ಮೇಲೆ ಅರ್ಧ ಗಂಟೆ ಪ್ರಶ್ನೆ ಕೇಳಿದರೂ ನಾನು ಉತ್ತರ ಹೇಳಬಲ್ಲೆ.

ಹೆಸರು ಹಾಕುವುದು ಅಂದರೆ ಬೇಲಿ ಹಾಕುವುದಲ್ಲವೇ ಎಂದು ಗುಂಪಿನಲ್ಲಿ ಕೆಲವರು ಕೇಳಿದರು. ಅಲ್ಲ. 2023ರ ಜನವರಿಯಲ್ಲಿ ನಡೆದದ್ದನ್ನು ಈ ಆಟ ಆಡುವವರು ಮರೆತಿರಲಿಕ್ಕಿಲ್ಲ. ಎರಡು ದಶಕದಿಂದ ಇದ್ದ ಪರವಾನಗಿಯನ್ನು ಬಿಗಿಗೊಳಿಸುವ ಕರಡೊಂದು ಸೋರಿ ಹೊರಬಂತು. ದೊಡ್ಡ ಮೊತ್ತ ಗಳಿಸುವವರಿಂದ ಪಾಲು ಕೇಳುವ ಮಾತು ಅದರಲ್ಲಿತ್ತು. ಆಟಗಾರರು ತಿರುಗಿಬಿದ್ದರು, ಕಂಪನಿಯ ಆನ್‌ಲೈನ್ ಚಂದಾದಾರಿಕೆಗಳನ್ನು ರದ್ದು ಮಾಡಿದರು. ತಿಂಗಳು ಮುಗಿಯುವುದರೊಳಗೆ ಕಂಪನಿ ಹಿಂದೆ ಸರಿದು, ಸುಮಾರು 400 ಪುಟಗಳ ಮೂಲ ನಿಯಮ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್‌ನ ‘ಬಿವೈ’ ಪರವಾನಗಿಯಡಿ ಬಿಡುಗಡೆ ಮಾಡಿತು. ಆ ಪರವಾನಗಿಯನ್ನು ಕೊಟ್ಟವರು ವಾಪಸು ತೆಗೆದುಕೊಳ್ಳುವಂತಿಲ್ಲ. ನೀವು ಬಳಸಬಹುದು, ಬದಲಿಸಬಹುದು, ಮಾರಲೂಬಹುದು. ಮುಖ್ಯವಾಗಿ ಕೇಳುವುದು ಒಂದು: ಯಾರಿಂದ ತೆಗೆದುಕೊಂಡಿರಿ ಎಂದು ಹೇಳಿ, ಬದಲಿಸಿದ್ದರೆ ಅದನ್ನೂ ಹೇಳಿ. ‘ಬಿವೈ’ ಎಂದರೆ ಅಷ್ಟೇ, ‘ಇಂಥವರಿಂದ’. ಲೋಕದಲ್ಲಿ ಅತ್ಯಂತ ಉದಾರವಾದ ಪರವಾನಗಿಗಳಲ್ಲಿ ಒಂದು ಉಳಿಸಿಕೊಂಡ ಷರತ್ತು ಹೆಸರಿನದ್ದು! ಕನ್ನಡ ವಿಕಿಪೀಡಿಯದಲ್ಲಿ ಯಾವ ಪುಟದ ‘ಇತಿಹಾಸ’ ತೆರೆದರೂ ಒಂದು ಅಲ್ಪವಿರಾಮ ತಿದ್ದಿದವರ ಬಳಕೆದಾರ ಹೆಸರು ಕೂಡ ಸಿಗುತ್ತದೆ. ಅದರಿಂದ ಅಲ್ಲಿಯ ಬಾಗಿಲು ಮುಚ್ಚಿಲ್ಲ.

ಪರವಾನಗಿ ಓದಲು ಕೂತಾಗ ನಮ್ಮ ಇನ್ನೊಂದು ತಪ್ಪೂ ಗೊತ್ತಾಯಿತು. ಆಟದ ನಿಯಮ, ಲೆಕ್ಕ, ಕಲ್ಪನೆ ಇವುಗಳ ಮೇಲೆ ಹಕ್ಕುಸ್ವಾಮ್ಯ ಇಲ್ಲ. ಅದನ್ನು ಹೇಳಿದ ಮಾತಿನ ಮೇಲೆ ಇದೆ. ನಾವೋ ಪುಸ್ತಕದಿಂದ ಪ್ಯಾರಾಗಟ್ಟಲೆ ನಕಲು ಹೊಡೆದು ಪಾತ್ರದ ಪುಟಕ್ಕೆ ಅಂಟಿಸಿದ್ದೆವು. ಮುಕ್ತ ದಾಖಲೆಯಲ್ಲಿ ಇಡೀ ಪುಸ್ತಕ ಇಲ್ಲ. 2023ರ ದಾಖಲೆಯಲ್ಲಿ ಹನ್ನೆರಡು ವೃತ್ತಿಗಳಿಗೆ ತಲಾ ಒಂದೇ ಉಪಶಾಖೆ, ಪಾತ್ರದ ಪೂರ್ವಾಶ್ರಮ ಎಂದು ಇರುವುದು ಒಂದೇ, ದೇವಾಲಯದ ಸೇವಕ. ನನ್ನ ಸಾಂತು ನಾವಿಕ. ಆ ನಾವಿಕನ ವಿವರಣೆ ಪುಸ್ತಕದ್ದು, ಹಂಚುವಂತಿಲ್ಲ. ಅದನ್ನು ಅಳಿಸಿ ನನ್ನ ಮಾತಿನಲ್ಲಿ ಬರೆಯಬೇಕಾಯಿತು. ಗಂಗೊಳ್ಳಿಯಲ್ಲಿ ಕಂಡ ದೋಣಿ, ಬಲೆ ಹೊಲಿಯುವವರ ಬೆರಳು, ಮಳೆಗಾಲದಲ್ಲಿ ದಡಕ್ಕೆ ಎಳೆದಿಟ್ಟ ದೋಣಿಗಳ ಮೇಲಿನ ತೆಂಗಿನ ಗರಿ ಎಲ್ಲ ಬಂತು. ಮೊದಲಿಗಿಂತ ಎಷ್ಟೋ ಚೆನ್ನಾಗಿ ಬಂತು. ಹಾಗೆಯೇ ಇಂಟರ್‌ನೆಟ್ಟಿನಿಂದ ಎತ್ತಿದ ಚಿತ್ರಗಳನ್ನೂ ತೆಗೆದೆವು. ಪುಟಗಳು ಬೋಳಾದವು. ಬೋಳಾಗಿಯೇ ಇರಲಿ ಎಂಬುದು ನನ್ನ ಮತ. ನಮ್ಮಲ್ಲೊಬ್ಬಳು ಬಾಲ್‌ಪೆನ್ನಿನಲ್ಲಿ ಬಿಡಿಸಿದ ಹನ್ನೊಂದು ಚಿತ್ರಗಳಿವೆ, ಅವು ಸಾಕು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಹೆಸರು ಬೇಕೆಂಬ ವಾದ. ಹೆಸರಿನ ಕಾಲಂ ಸೇರಿಸಿ ಎಲ್ಲರಿಗೂ ಸಂದೇಶ ಕಳಿಸಿದ ದಿನ ಬಂದ ಒಂದು ಫೋನ್ ಕರೆ ನನ್ನ ವಾದವನ್ನು ಅಲುಗಾಡಿಸಿತು.

ನಮ್ಮ ಗುಂಪಿನ ಒಬ್ಬಳ ಪಾತ್ರ ಕಲ್ಲಕ್ಕ. ಕುಳ್ಳಿ, ದೇವಸ್ಥಾನ ಕಾಯುವವಳು, ಗಾಯ ಮಾಯಿಸುವ ವರ ಇದ್ದವಳು. ಪ್ರತಿ ರಾತ್ರಿ ಎಲ್ಲೇ ಬಿಡಾರ ಹೂಡಿದರೂ ಒಂದು ದೀಪ ಹಚ್ಚಿ ದಾರಿಯ ಕಡೆಗೆ ಇಡುತ್ತಿದ್ದಳು. ಮನೆ ಬಿಟ್ಟು ಹೋದ ತಮ್ಮ ಆ ಬೆಳಕು ನೋಡಿ ಬರಬಹುದು ಎಂದು. ನಾವು ತಮಾಷೆ ಮಾಡುತ್ತಿದ್ದೆವು. ಕಳ್ಳರಿಗೆ ನಮ್ಮ ಬಿಡಾರ ತೋರಿಸುವುದೇ ನಿನ್ನ ದೀಪ ಎಂದು ಬೊಗ್ಗು ಬಯ್ಯುತ್ತಿದ್ದ. ಒಂದು ಸಲ ಶತ್ರುಗಳಿಂದ ತಪ್ಪಿಸಿಕೊಳ್ಳುವಾಗಲೂ ಅವಳು ದೀಪ ಆರಿಸಲು ಒಪ್ಪದೆ ನಮ್ಮೆಲ್ಲರ ಜೀವಕ್ಕೆ ಕುತ್ತು ತಂದಿದ್ದಳು. ಅವತ್ತು ನಾನು ನಿಜಕ್ಕೂ ಸಿಟ್ಟಾಗಿದ್ದೆ. ಸಂಗ್ರಹದಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಓದಿದ ಪುಟ ಕಲ್ಲಕ್ಕನದ್ದು.

“ನನ್ನ ಹೆಸರು ಹಾಕ್ಬೇಡ. ಆ ಪುಟವನ್ನೇ ತೆಗಿ” ಎಂದಳು.

ಯಾಕೆ ಎಂದು ಕೇಳಿದೆ. ಸಂಗ್ರಹ ಹಾಳಾಗುತ್ತದೆ, ಬೇರೆ ಎಷ್ಟೋ ಪಾತ್ರಗಳ ಕತೆ ಕಲ್ಲಕ್ಕನ ಜೊತೆ ಹೆಣೆದುಕೊಂಡಿದೆ ಎಂದೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡಳು. ಆಮೇಲೆ, “ನಮ್ಮನೆಯ ದೀಪ ಅದು. ಹೆಸರು ಹಾಕಿದ್ರೆ ಅಮ್ಮನಿಗೆ ಗೊತ್ತಾಗ್ತದೆ” ಎಂದಳು.

ಅವಳಿಗೆ ಒಬ್ಬ ತಮ್ಮ ಇದ್ದ ಎಂಬುದೇ ನನಗೆ ನಾಲ್ಕು ವರ್ಷ ಗೊತ್ತಿರಲಿಲ್ಲ.

ಪಾತ್ರ ಎಂದರೆ ಮುಖವಾಡ. ಹೇಳಲಾಗದ್ದನ್ನು ಬೇರೆಯವರ ಬಾಯಲ್ಲಿ ಹೇಳಲು ಅದು ಜಾಗ ಕೊಡುತ್ತದೆ. ಐವರು ಕೂತ ಮೇಜಿನಲ್ಲಿ ಹೇಳಿದ ಮಾತು ಆನ್‌ಲೈನಿನಲ್ಲಿ ಹೋದಾಗ ಮುಖವಾಡ ಹಾಗೆಯೇ ಇರುತ್ತದೆ, ಆದರೆ ನೋಡುವವರು ಬೇರೆಯಾಗುತ್ತಾರೆ. ನಾವು ಕಲ್ಲಕ್ಕನ ಹಾಳೆಯ ಫೋಟೊ ಹೊಡೆದು ಏರಿಸುವಾಗ ಅವಳನ್ನು ಒಂದು ಮಾತು ಕೇಳಿರಲಿಲ್ಲ. ಅವಳು ಅಲ್ಲೇ ಪಕ್ಕದಲ್ಲಿ ಪುಸ್ತಕ ಕಟ್ಟುತ್ತಿದ್ದಳು. ಬೇಡ ಎನ್ನಲಿಲ್ಲ, ಆದ್ದರಿಂದ ಒಪ್ಪಿಗೆ ಎಂದು ನಾವು ತೆಗೆದುಕೊಂಡೆವು.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರಹದ ಹಕ್ಕು ಬರೆದ ಕ್ಷಣದಿಂದಲೇ ಬರೆದವರದ್ದು. ನೋಂದಣಿ ಬೇಡ. ಬರೆದವರ ಆಯುಷ್ಯ ಮುಗಿದ ಮೇಲೂ 60 ವರ್ಷ ಇರುತ್ತದೆ. ಹಾಸ್ಟೆಲಿನಲ್ಲಿ ಪೆನ್ಸಿಲಿನಲ್ಲಿ ಬರೆದ ಅರ್ಧ ಪುಟಕ್ಕೂ ಅಷ್ಟೇ. ಆದರೆ ಅವಳು ಕಾನೂನಿನ ಮಾತು ಎತ್ತಲಿಲ್ಲ, ಎತ್ತುವ ಅಗತ್ಯವೂ ಬರಬಾರದಿತ್ತು. ಅವತ್ತೇ ರಾತ್ರಿ ಪುಟ ತೆಗೆದೆವು. ಬೇರೆ ಪಾತ್ರಗಳ ಪುಟದಲ್ಲಿ ಕಲ್ಲಕ್ಕನ ಹೆಸರು ಇದ್ದ ಕಡೆಯೆಲ್ಲ ‘ಒಬ್ಬ ಗೆಳತಿ’ ಎಂದು ತಿದ್ದಿದೆವು. ಇಪ್ಪತ್ತಾರು ಕಡೆ. ತಿದ್ದಿದ್ದಕ್ಕೆ ಇಬ್ಬರು ಆಕ್ಷೇಪ ಎತ್ತಿದರು. ತಮ್ಮ ಪಾತ್ರದ ಕತೆ ಅರ್ಧವಾಯಿತು ಎಂದರು. ಅವರ ಮಾತಿನಲ್ಲೂ ನ್ಯಾಯ ಇದೆ. ಸಾಂತುವಿನ ಕತೆಯೂ ಅರ್ಧವಾಗಿದೆ, ಅವನ ಎಡಗೈ ಗಾಯ ಮಾಯಿಸಿದವಳು ಅವಳೇ. ಆದರೂ ಅಂಥ ಸಂದರ್ಭದಲ್ಲಿ ಯಾರ ಮಾತು ಮೇಲು ಎಂದರೆ ಬರೆದವಳ ಮಾತು. ಇದರಲ್ಲಿ ನನಗೆ ಅನುಮಾನ ಇಲ್ಲ.

ಈಗ ಹೊಸ ಪಾತ್ರ ಸೇರಿಸುವ ಮೊದಲು ನಾವು ಕೇಳಿಯೇ ಸೇರಿಸುತ್ತೇವೆ. ಯಾವ ಹೆಸರು ಹಾಕಬೇಕು, ನಿಜವಾದದ್ದೇ, ಅಡ್ಡಹೆಸರೇ, ಏನೂ ಬೇಡವೇ. ಬೇರೆಯವರು ಈ ಪಾತ್ರವನ್ನು ತಮ್ಮ ಮೇಜಿಗೆ ಒಯ್ಯಬಹುದೇ. ಒಯ್ದರೆ ಬದಲಿಸಬಹುದೇ, ಸಾಯಿಸಬಹುದೇ. (ಸಾಯಿಸುವ ಪ್ರಶ್ನೆಗೆ ಜನ ಬಹಳ ಹೊತ್ತು ಯೋಚಿಸುತ್ತಾರೆ.) ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಕೊಟ್ಟರೆ, ಪುಟ ತೆಗೆದರೂ ಆಗಲೇ ಒಯ್ದವರಿಂದ ವಾಪಸು ಕೇಳಲಾಗುವುದಿಲ್ಲ ಎಂಬುದನ್ನೂ ಮೊದಲೇ ಹೇಳುತ್ತೇವೆ. ಅದನ್ನು ಕೇಳಿ ಹನ್ನೆರಡು ಜನ ಬೇಡ ಎಂದರು. ಅವರ ಪಾತ್ರಗಳು ಗುಂಪಿನವರಿಗೆ ಮಾತ್ರ ಕಾಣುತ್ತವೆ. ತಿಂಗಳಿಗೊಮ್ಮೆ ಇಡೀ ಸಂಗ್ರಹದ ಪ್ರತಿಯನ್ನು ಇಬ್ಬರು ತಮ್ಮ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳುತ್ತಾರೆ. ಟೇಬಲ್‌ಟಾಪ್ ಆಟಗಾರರ ದೊಡ್ಡ ದೊಡ್ಡ ಗುಂಪುಗಳು ಗೂಗಲ್ ಪ್ಲಸ್‌ನಲ್ಲಿದ್ದವು, 2019ರ ಏಪ್ರಿಲ್‌ನಲ್ಲಿ ಅದು ಮುಚ್ಚಿತು. ನಮ್ಮದೂ ಹಾಗಾಗುವುದು ಬೇಡ.

“ಒಂದು ಆಟಕ್ಕೆ ಇಷ್ಟೆಲ್ಲ ಕಾಗದ ಪತ್ರವಾ?” ಎಂದು ಜೂನಿಯರ್ ಒಬ್ಬ ಕೇಳಿದ. ಅವನ ಸಿಡಿಮಿಡಿ ನನಗೆ ಅರ್ಥವಾಗುತ್ತದೆ. ಅವನ ಪ್ರಾಯದಲ್ಲಿ ನಾನೂ ಅದನ್ನೇ ಕೇಳಿದ್ದೆ. ಆದರೆ ಕಾಲೇಜಿನ ಕೈಬರಹ ಪತ್ರಿಕೆ, ಗೆಳೆಯರು ಸೇರಿ ತೆಗೆದ ಕಿರುಚಿತ್ರ, ನೋಟ್ಸುಗಳ ಫೋಲ್ಡರು, ಹಾಡಿನ ಬ್ಯಾಂಡು, ಎಲ್ಲವೂ ಶುರುವಾಗುವುದು ‘ನಮ್ಮೊಳಗೆ ಎಂತ’ ಎಂಬ ಮಾತಿನಿಂದಲೇ. ಜಗಳ ಹುಟ್ಟುವುದೂ ಅದೇ ಮಾತಿನಿಂದ. ಗೆಳೆತನ ಗಟ್ಟಿ ಇರುವಾಗ ಹತ್ತು ನಿಮಿಷ ಕೂತು ಬರೆದಿಟ್ಟರೆ ಮುಗಿಯುವ ಕೆಲಸಕ್ಕೆ ನಾವು ನಾಲ್ಕು ವರ್ಷ ತೆಗೆದುಕೊಂಡೆವು. ಒಂದು ಪಾತ್ರವನ್ನು ಕಳೆದುಕೊಂಡೆವು.

ಬೊಗ್ಗುವಿನ ಪುಟದ ಕೆಳಗೆ ಈಗ ಅವನನ್ನು ಬರೆದವನ ಹೆಸರಿದೆ. ಅವನು ತನ್ನ ರೆಸ್ಯೂಮೆ ತಿದ್ದಿದ್ದಾನೆ, ನಾನೂ ತಿದ್ದಿದ್ದೇನೆ. ಹೋದ ತಿಂಗಳು ಪುತ್ತೂರಿನ ಕಡೆಯ ಪಿಯುಸಿ ಹುಡುಗಿಯೊಬ್ಬಳು ಮೇಲ್ ಮಾಡಿದ್ದಳು. ಸಾಂತುವನ್ನು ತಮ್ಮ ಮೇಜಿಗೆ ಒಯ್ಯಬಹುದೇ, ನಿಮ್ಮ ಹೆಸರನ್ನು ಹಾಳೆಯ ಯಾವ ಕಡೆ ಬರೆಯಲಿ ಎಂದು ಕೇಳಿದ್ದಳು. ಹಿಂಬದಿಯಲ್ಲಿ ಸಾಕು ಎಂದೆ. ಎರಡು ವಾರ ಬಿಟ್ಟು ಮತ್ತೆ ಬರೆದಳು, ಕ್ಷಮೆ ಕೇಳಿಕೊಂಡು. ಎರಡನೇ ದಿನವೇ ಸಾಂತು ಹೊಳೆಯಲ್ಲಿ ಸತ್ತನಂತೆ, ಒಂದು ಮಗುವನ್ನು ದಡ ಸೇರಿಸುವಾಗ ದಾಳದಲ್ಲಿ 1 ಬಿತ್ತಂತೆ. ಅದನ್ನು ಅವನ ಪುಟಕ್ಕೆ ಸೇರಿಸಿದ್ದೇನೆ. ಆಡಿದವಳು ಯಾರು ಎಂಬ ಕಡೆ, ಅವಳನ್ನು ಕೇಳಿ, ಅವಳು ಹೇಳಿದ ಅಡ್ಡಹೆಸರನ್ನು ಬರೆದಿದ್ದೇನೆ.